ಮೂಲಿಕೆ ಚಹಾ ಮತ್ತು ನಮ್ಮ ಊರಿನ ನೀರು

ಚೀನಾದ ಗಿಡಮೂಲಿಕೆ ಚಹಾದಲ್ಲಿ ಪೋಷಕಾಂಶಗಳು ಹೇರಳವಂತೆ, ಅದನ್ನು ಮಕ್ಕಳಿಗೂ ಕೊಡಬಹುದೇ ಎಂದು ದೇವರಾಯಸಮುದ್ರದ ಓದುಗರೊಬ್ಬರು ಕೇಳಿದ್ದಾರೆ.

ದಕ್ಷಿಣ ಚೀನಾದ ಗ್ವಾಂಗ್‌ಡಾಂಗ್ ಪ್ರಾಂತ್ಯದಲ್ಲಿ ಇದನ್ನು ‘ಲಿಯಾಂಗ್ ಛಾ’, ಅಂದರೆ ತಂಪು ಚಹಾ ಎನ್ನುತ್ತಾರೆ. ಹೆಸರಿಗೆ ಚಹಾ ಆದರೂ ಸಾಮಾನ್ಯವಾಗಿ ಇದರಲ್ಲಿ ಚಹಾ ಎಲೆ ಇರುವುದಿಲ್ಲ. ಸೇವಂತಿಗೆ ಹೂವು, ಅತಿಮಧುರದ ಬೇರು, ಇನ್ನಿತರ ಸೊಪ್ಪುಗಳನ್ನು ಕುದಿಸಿ ಸೋಸುತ್ತಾರೆ. ದೇಹದ ಉಷ್ಣ ಇಳಿಯುತ್ತದೆಂಬುದು ಅವರ ನಂಬಿಕೆ. ಉಷ್ಣವಾಯಿತೆಂದು ನಾವು ಜೀರಿಗೆ ನೀರು ಕುಡಿಯುವುದಿಲ್ಲವೇ, ಹಾಗೆ. ಕೊತ್ತಂಬರಿ ಬೀಜ, ಜೀರಿಗೆ, ಮೆಣಸು, ಒಣಶುಂಠಿಯ ನಮ್ಮ ಮನೆ ಕಷಾಯವೂ ಇದೇ ಜಾತಿಯದು.

ಸೋಸಿದ ಈ ನೀರಿನಲ್ಲಿ ಸಸಾರಜನಕ, ಕೊಬ್ಬು ಇಲ್ಲವೆಂದೇ ಹೇಳಬೇಕು. ಶಕ್ತಿ ಏನಾದರೂ ಸಿಕ್ಕರೆ ಅದು ಬೆಲ್ಲದ್ದು. 200 ಮಿ.ಲೀ. ಹಸುವಿನ ಹಾಲಿನಲ್ಲಾದರೆ ಸುಮಾರು 6 ಗ್ರಾಂ ಸಸಾರಜನಕವಿದೆ. ಮಗುವಿಗೆ ಹಾಲು ತಪ್ಪಿಸಿ ಕಷಾಯ ಕುಡಿಸುವುದು ನಷ್ಟದ ವ್ಯಾಪಾರ. ನೆಗಡಿಯಾದಾಗ ದೊಡ್ಡ ಮಕ್ಕಳಿಗೆ ಅರ್ಧ ಲೋಟ ಕೊಟ್ಟರೆ ಗಂಟಲಿಗೆ ಹಿತ. ಆರು ತಿಂಗಳೊಳಗಿನ ಕೂಸಿಗೆ ಮಾತ್ರ ತಾಯಿಯ ಹಾಲೊಂದೇ ಸಾಕು.

ನನಗೆ ಹೆಚ್ಚು ಚಿಂತೆ ನೀರಿನದು. ಕೋಲಾರ ಜಿಲ್ಲೆಯ ಅನೇಕ ಕೊಳವೆಬಾವಿಗಳ ನೀರಿನಲ್ಲಿ ಫ್ಲೋರೈಡ್ ಮಿತಿಮೀರಿದೆ. ಲೀಟರಿಗೆ 1.5 ಮಿಲಿಗ್ರಾಂ ದಾಟಬಾರದು. ಕುದಿಸಿದರೆ ಕ್ರಿಮಿಗಳು ಸಾಯುತ್ತವೆ, ಫ್ಲೋರೈಡ್ ಹೋಗುವುದಿಲ್ಲ. ಆವಿಯಾಗುವುದು ನೀರು ಮಾತ್ರ. ಎರಡು ಲೋಟ ನೀರನ್ನು ಪದ್ಧತಿಯಂತೆ ಒಂದು ಲೋಟಕ್ಕೆ ಬತ್ತಿಸಿದಿರೋ, ಎರಡು ಲೋಟದ ಫ್ಲೋರೈಡ್ ಒಂದೇ ಲೋಟದಲ್ಲಿ ಹೊಟ್ಟೆ ಸೇರುತ್ತದೆ. ಸುಮಾರು 8 ವರ್ಷದೊಳಗಿನ ಮಕ್ಕಳಿಗೆ ಇದು ಹೆಚ್ಚಾದರೆ, ಮುಂದೆ ಹುಟ್ಟುವ ಹಲ್ಲುಗಳ ಮೇಲೆ ಬಿಳಿ, ಕಂದು ಕಲೆಗಳು ಕಾಣಿಸಿಕೊಳ್ಳುತ್ತವೆ. ವರ್ಷಗಟ್ಟಲೆ ಕುಡಿದರೆ ಮೂಳೆ, ಕೀಲುಗಳೂ ಬಿಗಿಯುತ್ತವೆ. ಚಹಾ ಗಿಡದ ಬಲಿತ ಎಲೆಯಲ್ಲೂ ಫ್ಲೋರೈಡ್ ಶೇಖರವಾಗುತ್ತದೆ; ಅಂಥ ಎಲೆಗಳನ್ನು ಇಟ್ಟಿಗೆಯಂತೆ ಒತ್ತಿ ಮಾಡಿದ ಚಹಾ ಕುಡಿಯುವ ಟಿಬೆಟ್ಟಿನ ಜನರಲ್ಲಿ ಇದೇ ಕಾಯಿಲೆ ಕಂಡುಬಂದಿದೆ.

ಆದ್ದರಿಂದ ಊರಿನ ಶುದ್ಧ ನೀರಿನ ಘಟಕದ ನೀರು, ಇಲ್ಲವೇ ಶುಚಿಯಾಗಿ ಹಿಡಿದ ಮಳೆನೀರು ಬಳಸಿ. ಬತ್ತಿಸಬೇಡಿ. ಚೆನ್ನಾಗಿ ಕುದಿ ಬಂದ ನೀರಿಗೆ ಪುಡಿ ಹಾಕಿ, ಒಲೆಯಿಂದಿಳಿಸಿ, ಐದು ನಿಮಿಷ ಮುಚ್ಚಿಟ್ಟರೆ ಸಾಕು, ಘಮವೂ ಉಳಿಯುತ್ತದೆ.

ಅತಿಮಧುರವನ್ನು ದಿನವೂ ಸೇವಿಸಿದರೆ ರಕ್ತದೊತ್ತಡ ಏರಿ, ರಕ್ತದಲ್ಲಿನ ಪೊಟ್ಯಾಸಿಯಂ ಇಳಿಯಬಹುದು. ಬಿ.ಪಿ., ಹೃದಯ, ಮೂತ್ರಪಿಂಡದ ತೊಂದರೆ ಇರುವವರು, ಗರ್ಭಿಣಿಯರು ಅದನ್ನು ಬಿಟ್ಟೇ ಕಷಾಯ ಮಾಡಿಕೊಳ್ಳಲಿ. ಕಷಾಯ ಕುಡಿಯುತ್ತಿದ್ದೇನೆಂದು ಬಿ.ಪಿ. ಮಾತ್ರೆ ನಿಲ್ಲಿಸಬಾರದು. ಏನೇನು ಸೇರಿದೆಯೆಂದು ಬರೆಯದ ಪೊಟ್ಟಣವನ್ನು ಕೊಳ್ಳದಿರುವುದೇ ಲೇಸು.