ತೊಟ್ಟಿಲ ಕೂಸಿನ ಗಡಿಯಾರ

ಕಬ್ಬು ನುರಿಸುವ ಹಂಗಾಮು ಬಂದಿತೆಂದರೆ ನಮ್ಮ ಚಿಕ್ಕೋಡಿ, ರಾಯಬಾಗ, ಅಥಣಿ, ಕಾಗವಾಡಗಳ ರಸ್ತೆಗಳಿಗೆ ಇರುಳೆಂಬುದೇ ಇಲ್ಲ. ಕಬ್ಬು ಹೇರಿದ ಟ್ರ್ಯಾಕ್ಟರುಗಳು ಹಾಡು ಹಚ್ಚಿಕೊಂಡು ಸಾಗುತ್ತವೆ. ತೊಟ್ಟಿಲ ಕೂಸು ಬೆಚ್ಚಿ ಏಳುತ್ತದೆ. ಆದರೆ ಸದ್ದಿಲ್ಲದ ಇರುಳಿನಲ್ಲಿಯೂ ಎಳೆಗೂಸು ಮೂರು ನಾಲ್ಕು ಬಾರಿ ಏಳುವುದುಂಟು. ಬೆಳಗಾದರೆ ನಿಪ್ಪಾಣಿಯಲ್ಲಿ ಬೀಡಿ ಕಟ್ಟಬೇಕಾದ ತಾಯಿಗೆ ಇದು ಸಣ್ಣ ಕಷ್ಟವಲ್ಲ. ದೃಷ್ಟಿ ತಾಗಿತೆಂದು ಕೆಲವರು ಹೇಳುವರು. ನಿಜವಾದ ಕಾರಣವೇನು?

ನಮ್ಮ ಮಿದುಳಿನ ತಳದಲ್ಲಿ, ಕಣ್ಣಿನ ನರಗಳು ಸಂಧಿಸುವ ಸ್ಥಳದ ಮೇಲ್ಗಡೆ, ಜೀವಕೋಶಗಳ ಪುಟ್ಟ ಗುಂಪೊಂದಿದೆ. ಅದೇ ದೇಹದ ಗಡಿಯಾರ. ಹಗಲಿನ ಬೆಳಕು ಅದನ್ನು ನಿತ್ಯವೂ ಸರಿಹೊಂದಿಸುತ್ತದೆ. ನವಜಾತ ಶಿಶುವಿನಲ್ಲಿ ಈ ಗಡಿಯಾರವು ಇನ್ನೂ ಹಗಲಿರುಳುಗಳಿಗೆ ಹೊಂದಿಕೊಂಡಿರುವುದಿಲ್ಲ. ಶಿಶುವು ದಿನಕ್ಕೆ 14ರಿಂದ 17 ಗಂಟೆ ನಿದ್ರಿಸಿದರೂ, ಆ ನಿದ್ರೆ ತುಂಡುತುಂಡಾಗಿರುತ್ತದೆ. ಪುಟ್ಟ ಹೊಟ್ಟೆಯು ಎರಡು ಮೂರು ಗಂಟೆಗೊಮ್ಮೆ ಹಾಲು ಬೇಡುತ್ತದೆ. ವಯಸ್ಕರ ನಿದ್ರೆಯ ಒಂದು ಆವರ್ತಕ್ಕೆ ಸುಮಾರು 90 ನಿಮಿಷ ಬೇಕಾದರೆ ಶಿಶುವಿಗೆ 50–60 ನಿಮಿಷ ಸಾಕು. ಆವರ್ತ ಮುಗಿದಾಗಲೆಲ್ಲ ಎಚ್ಚರಗೊಳ್ಳುವ ಸಂಭವ ಹೆಚ್ಚು. ಎರಡು ಮೂರು ತಿಂಗಳು ತುಂಬುವ ವೇಳೆಗೆ ಹಗಲಿರುಳಿನ ಲಯ ಮೂಡತೊಡಗುತ್ತದೆ.

ಹಾಗಾದರೆ ತೊಟ್ಟಿಲಿನ ಮಹಿಮೆಯೇನು? ತೊಟ್ಟಿಲು ಒಂದು ಲೋಲಕ. ತೂಗುವ ಬಿಂದುವಿನಿಂದ ಅದರ ಭಾರಕೇಂದ್ರಕ್ಕೆ ಒಂದು ಮೀಟರು ದೂರವಿದ್ದರೆ, ಒಮ್ಮೆ ಹೋಗಿ ಬರಲು ಸುಮಾರು ಎರಡು ಸೆಕೆಂಡು ಹಿಡಿಯುತ್ತದೆ. ಕೂಸಿನ ತೂಕ ಹೆಚ್ಚಿದರೂ ಈ ಕಾಲ ಹೆಚ್ಚುವುದಿಲ್ಲ. ಈ ಸಮಗತಿಯ ಚಲನೆಯನ್ನು ಒಳಗಿವಿಯ ಸಮತೋಲನಾಂಗವು ಗ್ರಹಿಸುತ್ತದೆ. 2019ರಲ್ಲಿ ಸ್ವಿಟ್ಜರ್ಲೆಂಡಿನ ವಿಜ್ಞಾನಿಗಳು ಇಲಿಗಳನ್ನು ತೂಗಿ ನೋಡಿದಾಗ, ಈ ಅಂಗವು ಕೆಲಸಮಾಡದ ಇಲಿಗಳಿಗೆ ತೂಗುವಿಕೆಯಿಂದ ಪ್ರಯೋಜನವಾಗಲಿಲ್ಲ.

2022ರಲ್ಲಿ ಜಪಾನಿನ ಸಂಶೋಧಕರು ಮತ್ತೊಂದು ಉಪಾಯವನ್ನು ಸೂಚಿಸಿದರು. ಅಳುವ ಕೂಸನ್ನೆತ್ತಿಕೊಂಡು ಐದು ನಿಮಿಷ ಸಮಗತಿಯಲ್ಲಿ ನಡೆಯಬೇಕು. ನಿದ್ರೆ ಹತ್ತಿದ ಮೇಲೆ ಐದರಿಂದ ಎಂಟು ನಿಮಿಷ ಎತ್ತಿಕೊಂಡೇ ಕುಳಿತು, ಬಳಿಕ ಮಲಗಿಸಬೇಕು. ಇದರೊಡನೆ ಹಗಲಿನಲ್ಲಿ ಬೆಳಕೂ ಮಾತುಕತೆಯೂ ಇರಲಿ. ಇರುಳಲ್ಲಿ ಹಾಲೂಡುವಾಗ ಮಂದ ದೀಪವೊಂದೇ ಸಾಕು. ಕೂಸನ್ನು ಅಂಗಾತ, ಗಟ್ಟಿಯಾದ ಸಮತಟ್ಟು ಹಾಸಿಗೆಯ ಮೇಲೆ ಮಲಗಿಸಬೇಕು. ನಿದ್ರೆಗೆಂದು ಯಾವ ಗುಳಿಗೆಯನ್ನೂ ತಾವಾಗಿ ಕೊಡಬಾರದು. ಜ್ವರವಿದ್ದರೆ, ಹಾಲು ಬಿಟ್ಟರೆ, ಉಸಿರಾಟ ಕಷ್ಟವಾದರೆ ತಡಮಾಡದೆ ವೈದ್ಯರಲ್ಲಿಗೆ ಹೋಗಬೇಕು.

ವಾಚಕರಲ್ಲಿ ಕೆಲವರ ಮನೆಗೆ ಬಾಣಂತನಕ್ಕೆಂದು ಅಕ್ಕ ಬಂದಿರಬಹುದು. ಕೂಸಿನ ಗಡಿಯಾರವನ್ನು ಅವಸರಪಡಿಸಲು ನಮ್ಮಿಂದಾಗದು. ಆದರೆ ನಸುಕಿನಲ್ಲಿ ಒಂದು ಗಂಟೆ ತೊಟ್ಟಿಲ ಹಗ್ಗವನ್ನು ನಾವು ಹಿಡಿದರೆ, ಅಕ್ಕನಿಗೆ ಒಂದು ಗಂಟೆಯ ನಿದ್ರೆ ದೊರೆತೀತು.