ಮಗುವಿನ ಕಾರ್ ಸೀಟ್: ಕೊಳ್ಳುವ ಮುನ್ನ, ಕೂರಿಸುವ ಮುನ್ನ

ಊರಿನಿಂದ ಹೆಂಡತಿ, ಮಗು ಯುಎಇಗೆ ಬರುತ್ತಿದ್ದಾರೆ ಎಂದರೆ ಟಿಕೆಟ್, ವೀಸಾ, ಬಾಡಿಗೆ ಎಲ್ಲವನ್ನೂ ಲೆಕ್ಕ ಹಾಕುತ್ತೀರಿ. ಆ ಲೆಕ್ಕದಲ್ಲಿ ಕಾರ್ ಸೀಟನ್ನೂ ಸೇರಿಸಿ. ಏರ್‌ಪೋರ್ಟಿನಿಂದ ಮನೆಗೆ ಬರುವ ಮೊದಲ ಪ್ರಯಾಣಕ್ಕೇ ಅದು ಬೇಕು.

"ತಾಯಿ ಮಡಿಲಲ್ಲಿ ಕೂರಿಸಿಕೊಂಡರೆ ಸಾಕಲ್ಲ?" ಅಂತ ಹಲವರು ಕೇಳುತ್ತಾರೆ. ಸಾಲದು. ಗಂಟೆಗೆ 50 ಕಿ.ಮೀ. ವೇಗದ ಕಾರು ಢಿಕ್ಕಿಯಾಗಿ ನಿಂತರೆ, 10 ಕೆ.ಜಿ. ತೂಕದ ಮಗುವನ್ನು ತಡೆಯಲು ನೂರಾರು ಕೆ.ಜಿ. ಎತ್ತುವಷ್ಟು ಬಲ ಬೇಕು. ಎಂಥ ಗಟ್ಟಿ ಕೈಯೂ ಅಷ್ಟನ್ನು ಹಿಡಿಯಲಾರದು.

ಕಾನೂನು: ಯುಎಇಯಲ್ಲಿ 2017ರ ನಿಯಮದಂತೆ 4 ವರ್ಷದವರೆಗಿನ ಮಕ್ಕಳಿಗೆ ಚೈಲ್ಡ್ ಸೀಟ್ ಕಡ್ಡಾಯ. ತಪ್ಪಿದರೆ 400 ದಿರ್ಹಮ್ ದಂಡ. 10 ವರ್ಷ ತುಂಬದ, 145 ಸೆಂ.ಮೀ. ಎತ್ತರವಿಲ್ಲದ ಮಕ್ಕಳನ್ನು ಮುಂದಿನ ಸೀಟಿನಲ್ಲಿ ಕೂರಿಸುವಂತಿಲ್ಲ.

ಆಯ್ಕೆ: ವಯಸ್ಸಿಗಿಂತ ಮಗುವಿನ ತೂಕ, ಎತ್ತರ ಮುಖ್ಯ. ಯುರೋಪಿನ ಮಾನದಂಡದ ಸೀಟಿನ ಮೇಲೆ ಕಿತ್ತಳೆ ಬಣ್ಣದ ಲೇಬಲ್ ಇರುತ್ತದೆ. ಎಷ್ಟು ತೂಕ ಅಥವಾ ಎತ್ತರದ ಮಗುವಿಗೆ ಆ ಸೀಟ್ ಆಗುತ್ತದೆ ಎಂದು ಅದರಲ್ಲೇ ಬರೆದಿರುತ್ತದೆ. ದುಬಾರಿ ಸೀಟೇ ಬೇಕೆಂದೇನಿಲ್ಲ. ನಿಮ್ಮ ಮಗುವಿಗೂ ಕಾರಿಗೂ ಸರಿಹೊಂದಿದರೆ ಸಾಕು. ಸೆಕೆಂಡ್ ಹ್ಯಾಂಡ್ ಆದರೆ ಚೆನ್ನಾಗಿ ಪರಿಚಯವಿದ್ದವರಿಂದ ಮಾತ್ರ ತಗೊಳ್ಳಿ. ಒಮ್ಮೆ ಅಪಘಾತ ಕಂಡ ಸೀಟ್ ಹೊರಗೆ ಚೆನ್ನಾಗಿ ಕಂಡರೂ ಒಳಗೆ ಬಿರುಕು ಬಿಟ್ಟಿರಬಹುದು.

ಜೋಡಣೆ:

1. ಸೀಟನ್ನು ಹಿಂದಿನ ಸಾಲಿನಲ್ಲೇ ಇಡಿ. ಏರ್‌ಬ್ಯಾಗ್ ಚಾಲೂ ಇರುವ ಮುಂದಿನ ಸೀಟಿನಲ್ಲಿ, ಹಿಮ್ಮುಖವಾಗಿ ಕೂರಿಸುವ ಸೀಟನ್ನು ಇಡಲೇಬೇಡಿ. ಏರ್‌ಬ್ಯಾಗಿನ ಹೊಡೆತಕ್ಕೆ ಮಗುವಿನ ಜೀವವೇ ಹೋಗಬಹುದು.

2. ಎಳೆಯ ಮಗುವಿನ ಮುಖ ಕಾರಿನ ಹಿಂಬದಿಗೆ ಇರಲಿ. ಕನಿಷ್ಠ 15 ತಿಂಗಳವರೆಗೆ, ಸೀಟಿನ ಮಿತಿ ಇರುವಷ್ಟು ಕಾಲ ಹೀಗೇ ಕೂರಿಸಿ. ಮಗುವಿನ ತಲೆ ಭಾರ, ಕುತ್ತಿಗೆ ಮೆದು. ಹೀಗೆ ಕೂತಾಗ ಹೊಡೆತ ಇಡೀ ಬೆನ್ನಿಗೆ ಹಂಚಿಹೋಗುತ್ತದೆ.

3. ಬೆಲ್ಟ್ ಅಥವಾ ಐಸೋಫಿಕ್ಸ್ ಕೊಂಡಿ ಹಾಕಿದ ಮೇಲೆ ಸೀಟನ್ನು ಬುಡದ ಹತ್ತಿರ ಹಿಡಿದು ಅಲ್ಲಾಡಿಸಿ. ಒಂದು ಇಂಚಿಗಿಂತ ಹೆಚ್ಚು ಅಲುಗಾಡಿದರೆ ಮತ್ತೆ ಬಿಗಿಮಾಡಿ.

4. ಮಗುವಿನ ಹೆಗಲ ಮೇಲಿನ ಪಟ್ಟಿಯನ್ನು ಬೆರಳಲ್ಲಿ ಚಿವುಟಿ ನೋಡಿ. ಮಡಿಕೆ ಸಿಕ್ಕರೆ ಅದು ಸಡಿಲವಿದೆ ಎಂದೇ ಅರ್ಥ. ದಪ್ಪ ಜಾಕೆಟ್ ಇದ್ದರೆ ಮೊದಲು ತೆಗೆಯಿರಿ.

ಬೇಸಿಗೆಯಲ್ಲಿ ಬಿಸಿಲಿಗೆ ನಿಂತ ಕಾರಿನಲ್ಲಿ ಬಕಲ್ ಕಾದ ಬಾಣಲೆಯಂತಾಗುತ್ತದೆ. ಮುಟ್ಟಿ ನೋಡಿಯೇ ಮಗುವನ್ನು ಕೂರಿಸಿ. ಎರಡೇ ನಿಮಿಷ ಅಂತ ಕೂಡ ಮಗುವನ್ನು ಒಂಟಿಯಾಗಿ ಕಾರಿನಲ್ಲಿ ಬಿಟ್ಟು ಹೋಗಬೇಡಿ.

ಗೆಳೆಯರ ಕಾರಿನಲ್ಲಿ ಹೋಗುವಾಗಲೂ ಸೀಟ್ ಜೊತೆಗಿರಲಿ. "ಇಲ್ಲೇ ಹತ್ತಿರ ತಾನೇ" ಎಂದು ಯಾರಾದರೂ ಹೇಳಿದರೆ ಸಂಕೋಚ ಬೇಡ, ಸೀಟ್ ಕಟ್ಟಿಯೇ ಹೊರಡಿ.