ಗೌಜಲಹಕ್ಕಿ (ಕೋಲಾರ ಸೀಮೆ)

ಗೌಜಲಹಕ್ಕಿಯು ಕೋಳಿ, ನವಿಲು ಮತ್ತು ಟರ್ಕಿ ಕೋಳಿಗಳನ್ನು ಒಳಗೊಂಡ ಫೇಸಿಯಾನಿಡೇ ಕುಟುಂಬಕ್ಕೆ ಸೇರಿದ, ಹೆಚ್ಚಾಗಿ ನೆಲದ ಮೇಲೆಯೇ ಬದುಕುವ ಪಕ್ಷಿಯಾಗಿದೆ. ಇದರ ವೈಜ್ಞಾನಿಕ ಹೆಸರು ಆರ್ಟಿಗಾರ್ನಿಸ್ ಪಾಂಡಿಸೆರಿಯಾನಸ್. 1789ರಲ್ಲಿ ಜರ್ಮನಿಯ ನಿಸರ್ಗವಿಜ್ಞಾನಿ ಗ್ಮೆಲಿನ್ ಇದನ್ನು ಮೊದಲು ವೈಜ್ಞಾನಿಕವಾಗಿ ವಿವರಿಸಿದನು. ಹೆಸರಿನ ಎರಡನೆಯ ಭಾಗ ಪಾಂಡಿಚೇರಿಯನ್ನು ಸೂಚಿಸುತ್ತದೆ. ಕೋಲಾರ, ಮಾಲೂರು, ಮುಳಬಾಗಿಲು ಮತ್ತು ಶ್ರೀನಿವಾಸಪುರ ತಾಲ್ಲೂಕುಗಳ ಕುರುಚಲು ಕಾಡು, ಬಂಡೆಗುಡ್ಡಗಳ ತಪ್ಪಲು, ಹೊಲದ ಬದು ಹಾಗೂ ಜಾಲಿ ಪೊದೆಗಳು ಇದಕ್ಕೆ ಒಪ್ಪುವ ನೆಲೆಗಳಾಗಿವೆ.

ಹೆಸರಿನ ಗೊಂದಲ

ಕೋಳಿ ಅಂಗಡಿ ಮತ್ತು ಹೋಟೆಲುಗಳಲ್ಲಿ 'ಗೌಜಲಕ್ಕಿ' ಎಂದು ಮಾರಾಟವಾಗುವುದು ಸಾಮಾನ್ಯವಾಗಿ ಸಾಕಿದ ಜಪಾನಿ ಲಾವಕ್ಕಿ. ಅದು 1974ರಲ್ಲಿ ಅಮೆರಿಕದಿಂದ ಭಾರತಕ್ಕೆ ತರಲಾದ ಬೇರೆಯೇ ಪಕ್ಷಿ, ಗಾತ್ರದಲ್ಲಿಯೂ ಚಿಕ್ಕದು. ಹೆಸರು ಒಂದೇ ಆಗಿರುವುದರಿಂದ ಕಾಡಿನ ಗೌಜಲನ್ನು ಹಿಡಿಯುವುದೂ ತಪ್ಪಲ್ಲವೆಂಬ ಭಾವನೆ ಮೂಡುವುದುಂಟು. ಕಾನೂನಿನ ದೃಷ್ಟಿಯಲ್ಲಿ ಈ ಭಾವನೆಗೆ ಆಧಾರವಿಲ್ಲ.

ಲಕ್ಷಣಗಳು

ಗೌಜಲಹಕ್ಕಿ ಸುಮಾರು 30 ಸೆಂ.ಮೀ. ಉದ್ದವಿದ್ದು, 200ರಿಂದ 340 ಗ್ರಾಂ ತೂಗುತ್ತದೆ. ಮೈಮೇಲೆ ಬೂದು-ಕಂದು ಬಣ್ಣದ ಸಣ್ಣ ಪಟ್ಟೆಗಳಿರುತ್ತವೆ. ತಿಳಿ ಬಣ್ಣದ ಗಂಟಲಿನ ಸುತ್ತ ತೆಳುವಾದ ಕಪ್ಪು ಗೆರೆಯಿದೆ. ಗಂಡು ಹೆಣ್ಣುಗಳು ನೋಡಲು ಒಂದೇ ರೀತಿ ಇರುತ್ತವೆ. ಗಂಡಿನ ಕಾಲಿನಲ್ಲಿರುವ ಮುಳ್ಳು ಮುಖ್ಯ ವ್ಯತ್ಯಾಸ. ಧಾನ್ಯ, ಹುಲ್ಲಿನ ಬೀಜ, ಗೆದ್ದಲು ಮತ್ತು ಇತರ ಕೀಟಗಳು ಇದರ ಆಹಾರ. ಅಪಾಯ ಕಂಡಾಗ ಹಾರುವುದಕ್ಕಿಂತ ಓಡಿ ಪೊದೆ ಸೇರುವುದೇ ಹೆಚ್ಚು. ರಾತ್ರಿಯಲ್ಲಿ ತಗ್ಗಾದ ಮುಳ್ಳುಮರಗಳ ಮೇಲೆ ಗುಂಪಾಗಿ ತಂಗುತ್ತದೆ.

ಕೂಗು ಮತ್ತು ಸಂತಾನೋತ್ಪತ್ತಿ

ಹಿಂದಿಯ 'ತೀತರ್' ಎಂಬ ಹೆಸರು ಈ ಹಕ್ಕಿಯ ಕೂಗಿನ ಅನುಕರಣೆಯಾಗಿದೆ. ಒಂದು ಗಂಡು ಕೂಗಿದರೆ ತನ್ನ ಎಲ್ಲೆಯನ್ನು ಕಾಯುತ್ತಿರುವ ಇನ್ನೊಂದು ಗಂಡು ಉತ್ತರಿಸುತ್ತದೆ. ಸಂತಾನೋತ್ಪತ್ತಿಯ ಮುಖ್ಯ ಕಾಲ ಏಪ್ರಿಲಿನಿಂದ ಸೆಪ್ಟೆಂಬರ್‌ವರೆಗೆ, ಅಂದರೆ ಯುಗಾದಿಯ ನಂತರದ ತಿಂಗಳುಗಳು. ಪೊದೆಯ ಬುಡದಲ್ಲಿ ನೆಲವನ್ನು ಕೆರೆದು ಮಾಡಿದ ತಗ್ಗೇ ಗೂಡು. ಹೆಣ್ಣು ಸಾಮಾನ್ಯವಾಗಿ 4ರಿಂದ 8 ಮೊಟ್ಟೆಗಳನ್ನು ಇಡುತ್ತದೆ. ಅವು ಮೂರು ವಾರಗಳೊಳಗೆ ಒಡೆಯುತ್ತವೆ. ಹೊರಬಂದ ಸ್ವಲ್ಪ ಹೊತ್ತಿನಲ್ಲೇ ಓಡಾಡಬಲ್ಲ ಮರಿಗಳನ್ನು ತಂದೆ ತಾಯಿ ಎರಡೂ ನೋಡಿಕೊಳ್ಳುತ್ತವೆ.

ಬೇಟೆ

ಗೌಜಲನ್ನು ಬೇಟೆಗಾರನಿಗೆ ತೋರಿಸಿಕೊಡುವುದು ಈ ಕೂಗೇ. ಪಳಗಿಸಿದ ಗಂಡನ್ನು ಪಂಜರದಲ್ಲಿಟ್ಟು ಕೂಗಿಸಿ, ಕಾದಾಡಲು ಬಂದ ಕಾಡುಹಕ್ಕಿಯನ್ನು ಸುತ್ತಲೂ ಹರಡಿದ ಉರುಳಿನಲ್ಲಿ ಸಿಕ್ಕಿಸುವುದು ಭಾರತದ ಒಣಪ್ರದೇಶಗಳಲ್ಲಿ ಹಳೆಯ ವಿಧಾನ. ಮಾಂಸಕ್ಕಾಗಿ ಮಾತ್ರವಲ್ಲದೆ ಕಾಳಗಕ್ಕಾಗಿಯೂ ಇವನ್ನು ಹಿಡಿಯುತ್ತಿದ್ದರು.

ಉತ್ತರ ಅಮೆರಿಕದಲ್ಲಿ ವಸಂತಕಾಲದ ಕಾಡು ಟರ್ಕಿ ಬೇಟೆಯೂ ಕೂಗನ್ನೇ ಅವಲಂಬಿಸಿದೆ: ಬೇಟೆಗಾರ ಹೆಣ್ಣಿನ ಧ್ವನಿಯನ್ನು ಅನುಕರಿಸಿ ಗಂಡನ್ನು ಹತ್ತಿರಕ್ಕೆ ಕರೆಯುತ್ತಾನೆ. ಆದರೆ ಅಲ್ಲಿ ಪರವಾನಗಿ, ದಿನಗಳ ಮಿತಿ ಹಾಗೂ ಹಕ್ಕಿಗಳ ಸಂಖ್ಯೆಯ ಮಿತಿಗಳಿವೆ. ಟರ್ಕಿಯಲ್ಲಿ ಹೆಣ್ಣು ಒಂಟಿಯಾಗಿಯೇ ಕಾವು ಕೊಟ್ಟು ಮರಿ ಸಾಕುವುದರಿಂದ, ಕೂಡುವಿಕೆಯ ನಂತರ ಕೆಲವು ಗಂಡುಗಳು ಕಡಿಮೆಯಾದರೂ ಸಂತತಿಗೆ ಹೊಡೆತ ಕಡಿಮೆ. ಗೌಜಲಿನ ವಿಷಯದಲ್ಲಿ ಈ ಲೆಕ್ಕ ಹೊಂದುವುದಿಲ್ಲ. ಇದು ಜೋಡಿಯಾಗಿ ಬಾಳುವ ಹಕ್ಕಿ. ಉರುಳು ಗಂಡು ಹೆಣ್ಣೆಂದು ನೋಡುವುದಿಲ್ಲ. ತಾಯಿ ಸಿಕ್ಕಿಬಿದ್ದರೆ ಗೂಡಿನ ಮೊಟ್ಟೆಗಳೂ ಹಾಳಾಗುತ್ತವೆ. ಕುತೂಹಲದ ಸಂಗತಿಯೆಂದರೆ, ಭಾರತದಿಂದ ಹೊರಗೆ ಹವಾಯಿ ದ್ವೀಪಗಳಿಗೆ ಒಯ್ದು ಬಿಡಲಾದ ಇದೇ ಪ್ರಭೇದವನ್ನು ಅಲ್ಲಿ ಪರವಾನಗಿ ಪಡೆದು ಬೇಟೆಯಾಡಬಹುದು.

ಕಾನೂನು

1972ರ ವನ್ಯಜೀವಿ (ಸಂರಕ್ಷಣೆ) ಕಾಯ್ದೆಯು ಆರಂಭದಲ್ಲಿ ಕೆಲವು ಪ್ರಾಣಿಪಕ್ಷಿಗಳ ಬೇಟೆಗೆ ಪರವಾನಗಿ ನೀಡಲು ಅವಕಾಶ ಕೊಟ್ಟಿತ್ತು. 1991ರ ತಿದ್ದುಪಡಿ ಆ ಪದ್ಧತಿಯನ್ನು ಕೊನೆಗೊಳಿಸಿತು. ಕಾಯ್ದೆಯ ಪ್ರಕಾರ ಕೊಲ್ಲುವುದು ಮಾತ್ರವಲ್ಲ, ಬಲೆ ಅಥವಾ ಉರುಳು ಹಾಕಿ ಹಿಡಿಯುವುದು, ಹಿಡಿಯಲು ಪ್ರಯತ್ನಿಸುವುದು, ಗೂಡು ಕೆಡಿಸುವುದು ಮತ್ತು ಮೊಟ್ಟೆ ತೆಗೆಯುವುದು ಸಹ ಬೇಟೆಯೇ. ಸ್ವಂತ ಹೊಲದಲ್ಲಿ ಸಿಕ್ಕ ಹಕ್ಕಿಯೆಂಬ ಕಾರಣಕ್ಕೆ ವಿನಾಯಿತಿ ದೊರೆಯುವುದಿಲ್ಲ.

ನೆಲೆ

ಜಾಗತಿಕವಾಗಿ ಈ ಪ್ರಭೇದ ಅಳಿವಿನ ಅಂಚಿನಲ್ಲಿಲ್ಲ; ಅಂತರರಾಷ್ಟ್ರೀಯ ಕೆಂಪು ಪಟ್ಟಿಯಲ್ಲಿ ಕನಿಷ್ಠ ಕಾಳಜಿಯ ವರ್ಗದಲ್ಲಿದೆ. ಆದರೆ ಸ್ಥಳೀಯವಾಗಿ ಇದರ ಇರವು ಹುಲ್ಲು, ಪೊದೆ ಮತ್ತು ಸಾಗುವಳಿ ಬೆರೆತ ಭೂಮಿಯನ್ನು ಅವಲಂಬಿಸಿದೆ. ಕೋಲಾರ ಜಿಲ್ಲೆಯಲ್ಲಿ ಅಂತಹ ಜಾಗದ ಗಣನೀಯ ಭಾಗ ನೀಲಗಿರಿ ನೆಡುತೋಪುಗಳಾಯಿತು. ಹೊಸದಾಗಿ ನೀಲಗಿರಿ ಬೆಳೆಸುವುದನ್ನು ರಾಜ್ಯ ಸರ್ಕಾರ 2017ರಲ್ಲಿ ನಿಷೇಧಿಸಿತು. ಸರ್ಕಾರಿ ಕಡತಗಳಲ್ಲಿ 'ಬಂಜರು' ಎಂದು ದಾಖಲಾಗುವ ಕುರುಚಲು ನೆಲವೇ ಈ ಹಕ್ಕಿ ಮೊಟ್ಟೆಯಿಡುವ ಜಾಗ. ಬೇಸಿಗೆಯಲ್ಲಿ ಒಣಹುಲ್ಲಿಗೆ ಬೆಂಕಿ ಹಚ್ಚಿದಾಗ ಮೊದಲು ಸುಡುವುದೂ ಪೊದೆಯ ಬುಡದ ಗೂಡುಗಳೇ.